ಓದಲು ಬಾರದ ಕಾಗದಕ್ಕೆ ರೋಹಿದಾಸನ ಸಾಕ್ಷಿ

ಹೋದ ತಿಂಗಳು ತೀರಿಕೊಂಡ ರೋಹಿದಾಸ ಕುವೈತಿನಲ್ಲಿ ಇಪ್ಪತ್ತಮೂರು ವರ್ಷ ಬದುಕಿದ. ಮೊದಲ ಹತ್ತು ವರ್ಷ ಹೋಟೆಲುಗಳ ಬಟ್ಟೆ ಒಗೆಯುವ ಕಂಪನಿಯೊಂದರಲ್ಲಿ ಗುಮಾಸ್ತನಾಗಿದ್ದ. ಹೊಸಬರು ಬಂದರೆ ಅರಬಿ ಕಾಗದಗಳ ಕಟ್ಟು ಮುಂದಿಟ್ಟು, "ಇಕಾಮಾದ್ದು ಮಾರಾಯ, ಬೇಗ ಸೈನ್ ಹಾಕು, ಬಸ್ಸು ಹೊರಡ್ತದೆ" ಎನ್ನುತ್ತಿದ್ದ. ವಾಸದ ಪರವಾನಗಿ ಸಿಕ್ಕರೆ ಸಾಕೆಂದು ಎಲ್ಲರೂ ಹಾಕುತ್ತಿದ್ದರು. ಬಂದ ದಿನ ಅವನೂ ಹಾಗೆಯೇ ಹಾಕಿದ್ದ. ಅವನಿಗೆ ಅರಬಿ ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ.

2003ರಲ್ಲಿ ಇಸ್ತ್ರಿ ವಿಭಾಗದ ಆಗ್ನೆಸ್ ಹೆರಿಗೆ ರಜೆ ಮುಗಿಸಿ ಬಂದಾಗ ಮ್ಯಾನೇಜರ್ "ಖಲಾಸ್" ಎಂದ. ಕೈಗೂಸಿನ ಹೆಂಗಸು ಪಾಳಿ ಕೆಲಸಕ್ಕೆ ಆಗುವುದಿಲ್ಲವಂತೆ. ಅದೇ ವರ್ಷ ತಂದೆಯಾಗಿದ್ದ ಮೂವರು ಗಂಡಸರು ಅದೇ ಪಾಳಿಯಲ್ಲಿದ್ದರು! ಆಗ್ನೆಸ್ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಳು.

ಮ್ಯಾನೇಜರ್ ರೋಹಿದಾಸನನ್ನು ಕರೆದು ಅವಳ ಸಹಿಯಿದ್ದ ಒಂದು ಹಾಳೆ ಕೊಟ್ಟ. ಯಾವ ತಕರಾರಿದ್ದರೂ ಕಂಪನಿ ನೇಮಿಸಿದವರ ಪಂಚಾಯ್ತಿಯೇ ಕೊನೆಯ ಮಾತು, ಇಲಾಖೆಗೂ ಕೋರ್ಟಿಗೂ ಹೋಗುವುದಿಲ್ಲ ಎಂದು ಅದರಲ್ಲಿ ಬರೆದಿತ್ತಂತೆ. "ಓದಿ ಹೇಳಿದೆ, ಒಪ್ಪಿ ಸಹಿ ಹಾಕಿದಳು ಅಂತ ಇಲಾಖೆಯಲ್ಲಿ ಹೇಳಿ ಬಾ. ಅಷ್ಟೇ." ಒಂಬತ್ತು ವರ್ಷದಿಂದ ಹಂಚುತ್ತಿದ್ದ ಹಾಳೆಯಲ್ಲಿ ಏನಿದೆಯೆಂದು ರೋಹಿದಾಸನಿಗೆ ತಿಳಿದದ್ದು ಅಂದೇ.

ಇಲಾಖೆಯ ಕಾರಿಡಾರಿನಲ್ಲಿ ಆಗ್ನೆಸ್ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು.

"ಎಂತ ರೋಹಿಯಣ್ಣ, ನನ್ನನ್ನು ಊರಿಗೆ ಓಡಿಸ್ಲಿಕ್ಕೆ ಟೈ ಬೇರೆ ಕಟ್ಕೊಂಡು ಬಂದಿದ್ದೀರಾ?"

"ಟೈ ಕಂಪನಿದು ಮಾರಾಯ್ತಿ" ಎಂದ.

ಅಧಿಕಾರಿಗೆ ಅಷ್ಟಿಷ್ಟು ಹಿಂದಿ ಬರುತ್ತಿತ್ತು. ಹಾಳೆ ಎತ್ತಿ ಹಿಡಿದು, "ಭಾಯಿ, ತುಮ್ ಇಸ್ಕೋ ಪಢ್ ಕೇ ಸುನಾಯಾ?" ಎಂದು, ಓದಿ ಹೇಳಿದ್ದು ಹೌದಾ ಅಂತ ಕೇಳಿದ.

ರೋಹಿದಾಸನ ಇಕಾಮಾ ಅದೇ ಕಂಪನಿಯದು. ಹೆಂಡತಿ ಅಪ್ಪಿ, ಇಬ್ಬರು ಮಕ್ಕಳು ಕುವೈತಿನ ಬ್ನೇದ್ ಅಲ್ ಗಾರ್‌ನಲ್ಲಿ ಉಳಿದಿದ್ದುದೂ ಅದರ ಮೇಲೆಯೇ. ಅವನು ನೀರು ಕೇಳಿ ಕುಡಿದ.

"ಇಲ್ಲ ಸರ್. ನನಗೇ ಓದ್ಲಿಕ್ಕೆ ಬರುವುದಿಲ್ಲ. ಇಕಾಮಾದ ಕಾಗದ ಅಂತ ಹೇಳಿ ಸೈನ್ ಹಾಕಿಸಿದೆ. ಎಲ್ಲರ ಹತ್ರವೂ."

"ತುಮ್ ಭೀ ಸೈನ್ ಕಿಯಾ?"

"ಮೈ ಭೀ."

ಅಧಿಕಾರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಹಾಳೆಯನ್ನು ಮಗುಚಿಟ್ಟು, ಇದು ತನ್ನ ಕೈ ಕಟ್ಟುವುದಿಲ್ಲ, ರಾಜಿಯಾಗದಿದ್ದರೆ ಕೋರ್ಟಿಗೆ ಕಳಿಸುತ್ತೇನೆ ಎಂದ. ಕೋರ್ಟಿಗೆ ಹೋದರೆ ಎಲ್ಲರ ಕಾಗದಗಳೂ ಹೊರಬೀಳುತ್ತಿದ್ದವು; ಕಂಪನಿಗೆ ಅದು ಬೇಡವಾಗಿತ್ತು. ಎರಡೇ ವಾರದಲ್ಲಿ ಕಂಪನಿ ಆಗ್ನೆಸ್‌ಳನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡಿತು. ಮುಂದೆ ಇನ್ನಿಬ್ಬರು ಹೆಂಗಸರು ಹೆರಿಗೆ ಮುಗಿಸಿ ಬಂದಾಗ ಯಾರೂ ಖಲಾಸ್ ಎನ್ನಲಿಲ್ಲ.

ರೋಹಿದಾಸನನ್ನು ಸೋಪಿನ ಗೋದಾಮಿಗೆ ಹಾಕಿದರು. ಮರುವರ್ಷ ಅವನ ಇಕಾಮಾ ನವೀಕರಿಸಲಿಲ್ಲ. ಅಪ್ಪಿ ಊರಿಗೆ ಹೊರಡಲು ಪೆಟ್ಟಿಗೆ ಕಟ್ಟಿದಳು. ಆಗ ಆಗ್ನೆಸ್‌ಳ ಗಂಡ ಪಾಯಸ್ ಅವನನ್ನು ತನ್ನ ಟೈಲ್ಸ್ ಅಂಗಡಿಯ ಕಫೀಲ್, ಅಂದರೆ ಇಕಾಮಾ ಕೊಡುವ ಧಣಿಯ ಬಳಿ ಎಳೆದುಕೊಂಡು ಹೋದ.

"ಆಫೀಸರ್ ಎದುರು ತನ್ನ ತಪ್ಪು ತಾನೇ ಹೇಳಿದವನು ಇವನೇನಾ?" ಎಂದು ಆ ಮುದುಕ ಕೇಳಿದ.

"ಇವನೇ ಬಾಬಾ."

"ಹಾಗಾದರೆ ಸ್ಟಾಕು ಇವನೇ ನೋಡಲಿ. ಯಲ್ಲಾ, ನಡಿ."

ಅಪ್ಪಿ ಪೆಟ್ಟಿಗೆ ಬಿಚ್ಚಿದಳು. ಮಕ್ಕಳು ಅದೇ ಶಾಲೆಯಲ್ಲಿ ಓದು ಮುಗಿಸಿದರು. ಕುವೈತಿನಲ್ಲಿದ್ದ ನಮಗೆಲ್ಲ ಅವನು ಇನ್ನೂ ಹದಿಮೂರು ವರ್ಷ ಸಿಕ್ಕಿದ.