ಹಿತ್ತಾಳೆ ಕ್ಯಾಮೆರಾದ ಅಂಚಿನಲ್ಲಿ ನಿಂತ ಅವ್ವ

ಬೆಳಿಗ್ಗೆ ಮನೆಯಾಕೆ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಚೊಂಬು ತಿಕ್ಕುತ್ತಿದ್ದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಚಿಕ್ಕಂದಿನಲ್ಲಿ ಕಂಡ ಕೊಟ್ಟೂರಿನ ಖಾಸಿಂ ಸಾಬರ ಫೋಟೊ ಸ್ಟುಡಿಯೋದಲ್ಲಿದ್ದೆ. ಅವರ ಕ್ಯಾಮೆರಾದ ಮೂತಿ ಪುಟ್ಟ ಫಿರಂಗಿಯಂಥ ಹಿತ್ತಾಳೆ ಕೊಳವೆ. ಸಾಬರು ಗಾಜು ಬಿಚ್ಚಿಟ್ಟು ಕೊಳವೆ ಕೊಟ್ಟರೆ ಅವರ ಬೀಬಿ ಅದನ್ನೂ ಪಾತ್ರೆಗಳ ಜೊತೆಗೇ ಹುಣಸೆ ಹಚ್ಚಿ ಬೆಳಗುತ್ತಿದ್ದರು.

ಒಬ್ಬರ ಮುಖವನ್ನು ಬೇಗ ಹಿಡಿಯಲೆಂದೇ ಹಿಂದಿನವರು ಮಾಡಿದ ಮಸೂರ ಅದು. ನಡು ನಿಚ್ಚಳ, ಅಂಚೆಲ್ಲ ಮಂಜು. ನಮ್ಮಜ್ಜ ಅದರ ಮುಂದೆ ಇಡೀ ಮನೆಯನ್ನೇ ನಿಲ್ಲಿಸಿ, ತಾನು ನಡುವೆ ಕೂತ. ಸೊಸೆಯಂದಿರಿಗೆ ವಾಡಿಕೆಯಂತೆ ತುದಿ. ಕಟ್ಟಕಡೆಗೆ ನಮ್ಮವ್ವ.

“ಯಜಮಾನ್ರ, ತುದಿಗೆ ನಿಂತಾಕಿ ಮಾರಿ ಮೂಡಂಗಿಲ್ರಿ. ಆ ಹೆಣ್ಮಗಳನ್ನ ನಡುವಿಗೆ ಕರೀರಿ,” ಅಂದರು ಸಾಬರು.

“ಸೊಸಿ ಮಾರಿ ದಿನಾ ಮನ್ಯಾಗ ಕಾಣ್ತೈತಿ ಬಿಡೋ ಸಾಬಾ. ನನ್ನ ಮೀಸಿ ಬಂದ್ರ ಸಾಕು,” ಅಂದ ಅಜ್ಜ.

ಎಲ್ಲರೂ ನಕ್ಕರು. ಅವ್ವನೂ ನಕ್ಕಳು.

ಆ ಮುಖ ಆಮೇಲೆ ಹೆಚ್ಚು ದಿನ ಕಾಣಲಿಲ್ಲ. ಆ ಮಳೆಗಾಲದ ಜ್ವರದಲ್ಲೇ ಅವ್ವ ಹೋದಳು. ಉಳಿದದ್ದು ಅದೊಂದೇ ಫೋಟೊ: ಅಜ್ಜನ ಮೀಸೆ ಎಳೆಎಳೆ, ಅವ್ವನ ಮುಖ ಬರೀ ಕಲೆ.

ನನಗೆ ಅಜ್ಜನ ಆ ಮಾತು ನೆನಪಿದೆ, ಅವ್ವನ ಮುಖ ಇಲ್ಲ. ನಾನು ಚಿಕ್ಕವನಿದ್ದೆ; ದೊಡ್ಡವಳಾದ ಅಕ್ಕನಿಗೆ ನೆನಪಿದ್ದೇ ಇರುತ್ತದೆ ಎಂಬ ಧೈರ್ಯದಲ್ಲಿ ಇಷ್ಟು ವರ್ಷ ಕೇಳಿರಲಿಲ್ಲ. ಇವತ್ತು ಹರಪನಹಳ್ಳಿಗೆ ಫೋನ್ ಹಚ್ಚಿದೆ.

“ಅಕ್ಕಾ, ಅವ್ವ ನೋಡಾಕ ಹೆಂಗಿದ್ಲು?”

ಆ ಕಡೆ ಅಕ್ಕ ಟೀವಿ ಆರಿಸಿದ್ದು ಕೇಳಿಸಿತು.

“ಫೋಟೊದಾಗ ಹೆಂಗದಾಳೋ ಹಂಗ ಇದ್ಲಪ್ಪ,” ಅಂದಳು.