ಬಿಚ್ಚಿಟ್ಟ ಹಿಂದಿನ ಸೀಟು

ಪಕ್ಕದ ಮನೆಯ ಅಣ್ಣ ಅಂತರಸನಹಳ್ಳಿಯ ಕಾರ್ಖಾನೆಯಿಂದ ಬಂದವರೇ ಅಂಗಳದ ಹಳೆಯ ಸ್ಟೇಷನ್ ವ್ಯಾಗನ್ ಕಾರಿನ ಕೆಳಗೆ ನುಸುಳುತ್ತಿದ್ದರು. "ಗಾಡಿ ಯಾವಾಗ ಓಡುತ್ತೆ ಅಣ್ಣ?" ಎಂದು ನಾನು ಕೇಳಿದರೆ, ಬನಿಯನ್ನಿಗೆ ಕೈ ಒರೆಸಿಕೊಂಡು, "ಇನ್ನೊಂದ್ ಕೆಲ್ಸ ಐತೆ ಕಣಮ್ಮ" ಎನ್ನುತ್ತಿದ್ದರು.

"ಮದ್ವೆ ಆದಾಗಿಂದ್ಲೂ ಅದೊಂದೇ ಕೆಲ್ಸ," ಎಂದು ಅವರ ಹೆಂಡತಿ ಒಳಗಿನಿಂದ ರೇಗಿಸುತ್ತಿದ್ದರು.

ಸೊಂಟ ಮುರಿದು ಮಲಗಿದ್ದ ನಮ್ಮಮ್ಮ, ಕೊತ್ತಗೆರೆಯ ತವರನ್ನು ಒಮ್ಮೆ ನೋಡಬೇಕೆಂದು ಅತ್ತದ್ದು ಗೋಡೆಯಾಚೆ ಕೇಳಿಸಿರಬೇಕು. ಮರುದಿನ ಅಣ್ಣ, ರಾತ್ರಿಯೆಲ್ಲ ಕೂತು ಗಾಡಿ ಓಡುವಂತೆ ಮಾಡಿ, ಆಸೆಯಿಂದ ಹೊಸ ಕವರ್ ಹೊಲಿಸಿದ್ದ ಹಿಂದಿನ ಸೀಟನ್ನೇ ಬಿಚ್ಚಿ ನಮ್ಮ ಪಡಸಾಲೆಯಲ್ಲಿಟ್ಟು, ಆ ಜಾಗದಲ್ಲಿ ಹಾಸಿಗೆ ಹಾಸಿದರು. ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, "ಫಸ್ಟ್ ಸವಾರಿ ನಿಮ್ದೇ ಕಣವ್ವ" ಎಂದರು. ಅಮ್ಮ ಮಲಗಿಕೊಂಡೇ ತವರು ಕಂಡು ಬಂದಳು. ಸೀಟು ನಮ್ಮಲ್ಲೇ ಉಳಿಯಿತು.

ಅಣ್ಣ ತೀರಿಕೊಂಡ ಮೇಲೆ ಅದನ್ನು ಹಿಂದಿರುಗಿಸುತ್ತೇನೆಂದೆ. ಅವರ ಹೆಂಡತಿ ಕಾರಿನ ಕಡೆ ನೋಡಿ, "ಅಲ್ಲೇ ಇರ್ಲಿ ಬುಡಮ್ಮ. ಅವ್ರಿಗೆ ಇನ್ನೊಂದ್ ಕೆಲ್ಸ ಇರ್ಲಿ" ಎಂದರು.