ಪೂಜೆಯ ನಂತರದ ಮೊದಲ ಲಾಟ್

ಬ್ರೇಕ್ ಡಿಸ್ಕ್ ಎಂದರೆ ಒಂದು ಕಬ್ಬಿಣದ ತಟ್ಟೆ ಎಂದುಕೊಂಡವರೇ ಹೆಚ್ಚು. ಕಾರಿನ ಮುಂದಿನ ಗಾಲಿಗೆ ಹಾಕುವ ಡಿಸ್ಕ್ ನಿಜವಾಗಿ ಎರಡು ತಟ್ಟೆ. ನಡುವೆ ಸಣ್ಣ ಸಣ್ಣ ರೆಕ್ಕೆಗಳು, ರೆಕ್ಕೆಗಳ ಸಂದಿನಲ್ಲಿ ಗಾಳಿ. ಗಾಲಿ ತಿರುಗಿದಾಗ ಆ ಗಾಳಿ ಒಳಗಿನಿಂದ ಹೊರಕ್ಕೆ ನುಗ್ಗಿ ಬ್ರೇಕಿನ ಬಿಸಿಯನ್ನು ಹೊತ್ತೊಯ್ಯಬೇಕು. ಸಂದು ಮೂಡಲೆಂದು ಅಚ್ಚಿನೊಳಗೆ ಮರಳಿನ ಬಿಲ್ಲೆಯೊಂದನ್ನು ಇಡುತ್ತೇವೆ. ಅದಕ್ಕೆ ಕೋರ್ ಎನ್ನುತ್ತಾರೆ. ಕರಗಿಸಿ ಸುರಿದ ಕಬ್ಬಿಣ ಆರಿದ ಮೇಲೆ ಮರಳು ಉದುರುತ್ತದೆ, ಸಂದು ಉಳಿಯುತ್ತದೆ. ಪೀಣ್ಯದ ಒಂದು ಫೌಂಡ್ರಿಯಲ್ಲಿ, ಎಂದರೆ ಎರಕದ ಕಾರ್ಖಾನೆಯಲ್ಲಿ, ಐದು ವರ್ಷ ನಾನು ಮಾಡಿದ್ದು ಇದೇ. ಎಣ್ಣೆ ಕಲಸಿದ ಮರಳನ್ನು ಪೆಟ್ಟಿಗೆಗೆ ತುಂಬಿ, ಬಡಿದು, ಕೋರ್ ತೆಗೆದು, ಬೇಯಿಸಲು ಒಲೆಗೆ ಕಳಿಸುವುದು.

ಆ ವರ್ಷ ಆಯುಧಪೂಜೆಗೆ ವಾರವಿರುವಾಗ ಮಾಲೀಕರು ನನ್ನನ್ನು ತಪಾಸಣೆಯ ಮೇಜಿಗೆ ಹಾಕಿದರು. ಮೂರು ತಿಂಗಳು ನೋಡಿ ಖಾಯಂ ಮಾಡುತ್ತೇನೆ ಎಂದರು. ಮರಳು ಬಿಟ್ಟು ಕುರ್ಚಿಗೆ ಬಂದ ಹೆಂಗಸು ಅಲ್ಲಿ ನಾನೊಬ್ಬಳೇ. ರಾಜಗೋಪಾಲನಗರದ ನಮ್ಮ ಬೀದಿಯಲ್ಲೆಲ್ಲ ಜಂಬ ಕೊಚ್ಚಿಕೊಂಡಿದ್ದೆ. ಏನೇ ಆಗಲಿ, ಆ ಕುರ್ಚಿ ಬಿಡಬಾರದೆಂದು ಹಟ ತೊಟ್ಟಿದ್ದೆ.

ಪೂಜೆ ಕಳೆದು ಡಿಸ್ಕ್‌ಗಳ ಮೊದಲ ಲಾಟ್ ಬಂತು. ವರ್ನಿಯರ್ ಅಳತೆಗೋಲು ಹಿಡಿದು ಅಂಚಿನಲ್ಲಿ ಅಳೆದೆ, ಎಲ್ಲಾ ಸರಿ. ಆದರೆ ಡಿಸ್ಕ್ ತಿರುಗಿಸಿ, ಭಾರವಿದ್ದ ಕಡೆ ಕೆರೆದು ತೂಕ ಸರಿದೂಗಿಸುವ ಬ್ಯಾಲೆನ್ಸಿಂಗ್ ಮಷೀನಿನವನು ಬೆಳಗ್ಗೆಯಿಂದ ಗೊಣಗುತ್ತಿದ್ದ. "ಏನಕ್ಕಾ ಇದು, ಎಲ್ಲಾ ಪೀಸೂ ಒಂದೇ ಕಡೆ ಭಾರ. ಎಷ್ಟು ಅಂತ ಕೆರೀಲಿ?"

ಅಂಚು ಸರಿಯಿದ್ದು ತೂಕ ತಪ್ಪಿದರೆ ಕೆಟ್ಟಿರುವುದು ಒಳಗೆ. ಒಳಗೆ ನೋಡಬೇಕಾದರೆ ಒಂದನ್ನು ಕೊಯ್ಯಲೇಬೇಕು. ಮಾಲೀಕರಿಗೆ ಹೇಳಿದೆ. ಅವರ ಮುಖ ಕಪ್ಪಿಟ್ಟಿತು.

"ಪೂಜೆ ಆದ್ಮೇಲೆ ಮೊದಲ್ನೇ ಲಾಟ್ ಕಣಮ್ಮ. ಕುಂಕುಮ ಇಟ್ಟಿರೋದಕ್ಕೆ ಗರಗಸ ಹಾಕ್ತೀಯಾ? ಅಳತೆ ಸರಿ ಇದ್ಯಲ್ಲ?"

"ಹೊರಗಡೆ ಸರಿ ಇದೆ ಸಾರ್."

"ಒಳಗೂ ಸರಿ ಇದ್ರೆ?"

"ನನ್ನ ವಾಪಸ್ ಮರಳಿಗೆ ಕಳ್ಸಿ."

ಬಾಯಿ ಜೋರು ನನಗೆ, ಹುಟ್ಟುಗುಣ. ಮಾಲೀಕರು ಕೈ ಬೀಸಿ ಒಪ್ಪಿದರು. ಒಂದು ಡಿಸ್ಕನ್ನು ಗರಗಸದ ಮಷೀನಿಗೆ ಬಿಗಿದು ನಾನೇ ಸ್ವಿಚ್ ಒತ್ತಿದೆ. ಕೆಲಸ ಬಿಟ್ಟು ಎಲ್ಲರೂ ಬಂದು ನಿಂತರು. ಎರಡು ಹೋಳಾಗಲು ಹತ್ತು ನಿಮಿಷ ಹಿಡಿಯಿತು.

ಒಂದು ಪಕ್ಕದಲ್ಲಿ ಗಾಳಿಯ ಸಂದು ಅರ್ಧ ಮುಚ್ಚಿಹೋಗಿತ್ತು. ಅಲ್ಲಿ ಒಂದು ತಟ್ಟೆ ದಪ್ಪ, ಇನ್ನೊಂದು ತೆಳ್ಳಗೆ. ತೆಳ್ಳಗಿನದು ಬೇಗ ಕಾಯುತ್ತದೆ, ಡೊಂಕಾಗುತ್ತದೆ, ಕೊನೆಗೆ ಬಿರುಕು ಬಿಡುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದವರ ಗತಿ ಏನು? ನಾನು ಗೆದ್ದಿದ್ದೆ. ಬೀಗಿದೆ ಕೂಡ, ಸುಳ್ಳು ಯಾಕೆ ಹೇಳಲಿ.

ಹೋಳನ್ನು ಕೈಯಲ್ಲಿ ತಿರುಗಿಸುತ್ತಿದ್ದ ಹಾಗೇ ಕಾರಣ ಹೊಳೆಯಿತು. ಕೋರ್ ಹಸಿಯಿರುವಾಗಲೇ ಒಂದು ಪಕ್ಕದಲ್ಲಿ ಹಿಸುಕಿ ಬಾಗಿಹೋಗಿತ್ತು. ಪೂಜೆಯ ಹಿಂದಿನ ದಿನ ಕೋರ್ ಇಡುವ ರ‍್ಯಾಕ್ ತೊಳೆದು ಬಣ್ಣ ಹೊಡೆಯುವ ಗಡಿಬಿಡಿಯಲ್ಲಿ, ಹೊಸ ಅಧಿಕಾರದ ಗತ್ತಿನಲ್ಲಿ, ಬೇಯದ ಕೋರ್‌ಗಳನ್ನು ಇಳಿಸಿ ಒಂದರ ಮೇಲೊಂದು ಪೇರಿಸಿದ್ದು ನಾನು. ರಾಯಚೂರು ಕಡೆಯ ಅಕ್ಕ, ನನಗೆ ಈ ಕೆಲಸ ಕಲಿಸಿದವಳು, ಅಡ್ಡ ಬಂದಿದ್ದಳು. "ಹಸಿ ಅದಾವ ತಂಗಿ, ಹಿಂಗ ಇಡಬ್ಯಾಡ." ಒಂದು ದಿನಕ್ಕೆ ಏನೂ ಆಗಲ್ಲ ಎಂದು ಅವಳ ಬಾಯಿ ಮುಚ್ಚಿಸಿದ್ದೆ.

ಹೋಳು ನೋಡಿದ ಮಾಲೀಕರಿಗೂ ಕಾರಣ ತಿಳಿಯಿತು, ಕೋರ್ ಮಾಡುವ ಹೆಂಗಸರ ಕಡೆ ತಿರುಗಿದರು. "ಹಸೀದನ್ನ ಪೇರಿಸಿದ್ದು ಯಾರು? ಇವತ್ತೇ ಲೆಕ್ಕ ಮುಗಿಸ್ಕೊಂಡು ಹೋಗ್ಲಿ."

ಅಕ್ಕ ತಲೆ ತಗ್ಗಿಸಿ ನಿಂತಳು. ನನ್ನ ಹೆಸರು ಹೇಳಲಿಲ್ಲ. ಒಂದು ಗಳಿಗೆ ನಾನೂ ಸುಮ್ಮನಿದ್ದೆ. ಆ ಗಳಿಗೆಯ ನಾಚಿಕೆ ಇವತ್ತಿಗೂ ಹೋಗಿಲ್ಲ.

"ನಾನೇ ಸಾರ್," ಎಂದೆ. "ಅಕ್ಕ ಬೇಡ ಅಂದ್ರು. ನಾನೇ ಕೇಳ್ಲಿಲ್ಲ."

ಮಾಲೀಕರು ನನ್ನನ್ನೇ ದಿಟ್ಟಿಸಿದರು. "ಗೊತ್ತಿರೋಳೇ ಹಿಂಗ್ ಮಾಡಿದ್ರೆ ಹೆಂಗಮ್ಮ?"

ಕೆಲಸದಿಂದ ತೆಗೆಯಲಿಲ್ಲ, ಅಷ್ಟು ದಯೆ ತೋರಿದರು. ಇಡೀ ಲಾಟ್ ಒಡೆದು ಮತ್ತೆ ಕುಲುಮೆಗೆ ಹಾಕಿಸಿದರು. ಮಾರನೆಯ ದಿನ ನಾನು ಮರಳಿನ ಮುಂದೆ, ಅಕ್ಕನ ಪಕ್ಕ. ಬೀದಿಯವರು ಕೇಳಿದಾಗ ಆದದ್ದನ್ನು ಆದಂತೆ ಹೇಳಿದೆ. ಒಂದೊಂದು ಕೋರನ್ನೂ ಬೆಳಕಿಗೆ ಹಿಡಿದು ನೋಡಿ, ಬಿಡಿಬಿಡಿಯಾಗಿ ರ‍್ಯಾಕಿಗೆ ಇಟ್ಟೆ.

ಹತ್ತು ದಿನದ ಮೇಲೆ ಆ ಕೋರ್‌ಗಳ ಡಿಸ್ಕ್ ತಯಾರಾದವು. ಯಾರೂ ಕೇಳದೆ ಮಾಲೀಕರೇ ಒಂದನ್ನು ಕೊಯ್ಯಿಸಿ, ಹೋಳನ್ನು ಚಿಂದಿಯಲ್ಲಿ ಹಿಡಿದು ನಮ್ಮ ಹತ್ತಿರ ಬಂದರು. ತಪಾಸಣೆಗೆ ಹೊಸಬ ಬಂದಿದ್ದ, ಅವರ ಹಿಂದೆಯೇ ನಿಂತಿದ್ದ.

"ನೀನ್ ನೋಡಿ ಹೇಳಮ್ಮ, ಆಮೇಲೆ ಲಾಟ್ ಕಳಿಸ್ತೀನಿ."

ನಾನು ಹೋಳನ್ನು ಅಕ್ಕನ ಕೈಗೆ ಕೊಟ್ಟೆ. ಅವಳು ಸಂದಿನೊಳಗೆ ಬೆರಳಾಡಿಸಿ, ನನ್ನ ಮುಖ ನೋಡಿ, "ಛಲೋ ಅದ ತಂಗಿ," ಎಂದಳು.